ಗುಲಾಮರು ಹೋಗದ ನೆಲಕ್ಕಾಗಿ ಜಗಳ

1848ರ ಫೆಬ್ರವರಿಯಲ್ಲಿ ಸೋತ ಮೆಕ್ಸಿಕೊ ಒಪ್ಪಂದಕ್ಕೆ ಸಹಿ ಹಾಕಿದಾಗ ಅಮೆರಿಕಕ್ಕೆ ದಕ್ಕಿದ್ದು ಐದು ಲಕ್ಷ ಚದರ ಮೈಲಿಗೂ ಹೆಚ್ಚು ನೆಲ. ಗೆದ್ದವರೇ ಸೋತವರಿಗೆ ಒಂದೂವರೆ ಕೋಟಿ ಡಾಲರ್ ಕೊಟ್ಟರು. ಕಿತ್ತುಕೊಂಡದ್ದಲ್ಲ, ಕೊಂಡದ್ದು ಎಂದು ಹೇಳಿಕೊಳ್ಳಲು ಅನುಕೂಲವಾಯಿತು. ಹದಿಮೂರು ವರ್ಷಕ್ಕೆ ಅಂತರ್ಯುದ್ಧ. ದಕ್ಷಿಣದ ಗುಲಾಮರ ಒಡೆಯರು ಹೊಸ ನೆಲದ ಆಸೆಗೆ ಯುದ್ಧ ಮಾಡಿಸಿದರು, ಉತ್ತರದವರ ಮನಸ್ಸಾಕ್ಷಿ ಸಿಡಿದೆದ್ದಿತು, ದೇಶ ಒಡೆಯಿತು ಎಂದು ನಾವು ಓದಿದ್ದೇವೆ. ಮೆಕ್ಸಿಕೊದಲ್ಲಿ ಕಿರಿಯ ಅಧಿಕಾರಿಯಾಗಿ ಕಾದಾಡಿದ್ದ ಯುಲಿಸಿಸ್ ಗ್ರಾಂಟ್ ಕೂಡ, ದಕ್ಷಿಣದ ದಂಗೆ ಬಹುಮಟ್ಟಿಗೆ ಆ ಯುದ್ಧದ ಫಲವೆಂದು ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ. ಆ ತೀರ್ಮಾನದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ನಡುವಿನ ಕಥೆಯ ಬಗ್ಗೆ.

ಮೊದಲಿಗೆ, ಪಾತ್ರಧಾರಿಗಳೇ ಈ ಕಥೆಗೆ ಒಗ್ಗುವುದಿಲ್ಲ. ಗುಲಾಮಗಿರಿಯ ದೊಡ್ಡ ವಕೀಲನಾಗಿದ್ದ ದಕ್ಷಿಣ ಕೆರೊಲಿನಾದ ಸೆನೆಟರ್ ಜಾನ್ ಕ್ಯಾಲ್ಹೂನ್ ಈ ಯುದ್ಧವನ್ನು ವಿರೋಧಿಸಿದ. ಮೆಕ್ಸಿಕನ್ನರನ್ನು ಒಳಗೆ ಸೇರಿಸಿಕೊಂಡರೆ ಬಿಳಿಯರ ಸರ್ಕಾರ ಕೆಡುತ್ತದೆ ಎಂಬುದು ಅವನ ಒಂದು ವಾದ. ಇನ್ನೊಂದು ಬದಿಯಲ್ಲಿ ಪೆನ್ಸಿಲ್ವೇನಿಯಾದ ಡೇವಿಡ್ ವಿಲ್ಮಾಟ್. ಮೆಕ್ಸಿಕೊದಿಂದ ಬರುವ ನೆಲದಲ್ಲಿ ಗುಲಾಮಗಿರಿ ಇರಕೂಡದೆಂದು 1846ರ ಆಗಸ್ಟ್‌ನಲ್ಲಿ ತಿದ್ದುಪಡಿ ಮಂಡಿಸಿದವನು ಅವನೇ. ಆದರೆ ಗುಲಾಮರ ಮೇಲೆ ತನಗೆ ವಿಶೇಷ ಮರುಕವೇನಿಲ್ಲ, ದುಡಿದು ತಿನ್ನುವ ಬಿಳಿಯನಿಗೆ ಆ ನೆಲ ಉಳಿಯಬೇಕು ಅಷ್ಟೆ ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಆ ತಿದ್ದುಪಡಿ ಕೆಳಮನೆಯಲ್ಲಿ ಗೆದ್ದಿತು, ಸೆನೆಟ್ ದಾಟಲಿಲ್ಲ. ಮತಗಳು ಒಡೆದದ್ದು ಪಕ್ಷದ ಗೆರೆಯಲ್ಲಲ್ಲ, ಉತ್ತರ ದಕ್ಷಿಣದ ಗೆರೆಯಲ್ಲಿ. ಯುದ್ಧಕ್ಕೆ ತೆರಿಗೆ ಕೊಡೆನೆಂದು ಜೈಲಿನಲ್ಲಿ ಒಂದು ರಾತ್ರಿ ಕಳೆದ ಲೇಖಕ ಥೋರೋನಂಥವರು ಆಗ ಬೆರಳೆಣಿಕೆಯಷ್ಟು. ಗಾಂಧೀಜಿಯ ಮೂಲಕ ಅವನನ್ನು ಬಲ್ಲ ನಮಗೆ ಅವನು ಇಡೀ ಉತ್ತರದ ಪ್ರತಿನಿಧಿಯಂತೆ ಕಾಣುತ್ತಾನೆ; ಹಾಗಿರಲಿಲ್ಲ.

ಇನ್ನು ನೆಲದ ಸಂಗತಿ. ನ್ಯೂ ಮೆಕ್ಸಿಕೊ, ಯೂಟಾಗಳ ಬೆಂಗಾಡಿನಲ್ಲಿ ಹತ್ತಿಯ ತೋಟ ಏಳುವಂತಿರಲಿಲ್ಲ. ಪ್ರಕೃತಿಯೇ ಅಲ್ಲಿ ಗುಲಾಮಗಿರಿಗೆ ಅಡ್ಡ ನಿಂತಿರುವಾಗ ಕಾನೂನು ಏಕೆ ಎಂದು ಸೆನೆಟರ್ ಡೇನಿಯಲ್ ವೆಬ್‌ಸ್ಟರ್ 1850ರಲ್ಲಿ ಕೇಳಿದ. 1860ರ ಜನಗಣತಿಯಲ್ಲೂ ಆ ಪ್ರದೇಶಗಳಲ್ಲಿ ಕರಿಯ ಗುಲಾಮರು ತೀರ ಕಡಿಮೆ. ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳಿಗೆ ದಕ್ಷಿಣದವರು ಗುಲಾಮರನ್ನು ಕರೆದೊಯ್ದದ್ದು ನಿಜ. ಈ ವಾದಕ್ಕೆ ಅದು ಗಟ್ಟಿ ಆಕ್ಷೇಪವೇ. ಆದರೂ ಅಲ್ಲಿನ ಜನರೇ ಗುಲಾಮಗಿರಿ ಬೇಡವೆಂದು ಸಂವಿಧಾನ ಬರೆದುಕೊಂಡರು. ಹಾಗಾದರೆ ಅಷ್ಟೊಂದು ರಂಪ ಏತಕ್ಕೆ? ಸೆನೆಟ್‌ನ ಲೆಕ್ಕಕ್ಕೆ. ಆಗ ಗುಲಾಮಗಿರಿ ಇದ್ದ ರಾಜ್ಯ 15, ಇಲ್ಲದ್ದು 15. ಕ್ಯಾಲಿಫೋರ್ನಿಯಾ ಬಂದರೆ ತಕ್ಕಡಿ ವಾಲುತ್ತಿತ್ತು. (ವಾಲಿತೇ? ಅಲ್ಲಿಂದ ಸೆನೆಟ್‌ಗೆ ಆಯ್ಕೆಯಾದ ವಿಲಿಯಂ ಗ್ವಿನ್ ಸ್ವತಃ ಗುಲಾಮರ ಒಡೆಯ, ದಕ್ಷಿಣದ ಗೆಳೆಯ.)

ನನ್ನ ಮಟ್ಟಿಗೆ ದೇಶವನ್ನು ಒಡೆದದ್ದು ಆ ನೆಲವಲ್ಲ, ಅದರ ಸಲುವಾಗಿ ಕುದುರಿಸಿದ ಚೌಕಾಶಿ. ಕ್ಯಾಲಿಫೋರ್ನಿಯಾವನ್ನು ಉತ್ತರಕ್ಕೆ ಬಿಟ್ಟುಕೊಟ್ಟ ದಕ್ಷಿಣ, 1850ರಲ್ಲಿ ಬದಲಿಗೆ ಪಡೆದದ್ದು ಪರಾರಿ ಗುಲಾಮರ ಕಾಯಿದೆ. ಸಿಕ್ಕಿಬಿದ್ದವನಿಗೆ ಜ್ಯೂರಿ ಇಲ್ಲ, ತನ್ನ ಪರವಾಗಿ ಸಾಕ್ಷಿ ನುಡಿಯುವ ಹಕ್ಕಿಲ್ಲ. ಅವನನ್ನು ಒಡೆಯನಿಗೆ ಒಪ್ಪಿಸಿದರೆ ಪ್ರಕರಣ ತೀರ್ಮಾನಿಸುವ ಕಮಿಷನರನಿಗೆ 10 ಡಾಲರ್, ಬಿಟ್ಟರೆ 5. ಕರೆದರೆ ದಾರಿಹೋಕನೂ ಹಿಡಿಯಲು ನೆರವಾಗಬೇಕು. ಅದುವರೆಗೆ ಗುಲಾಮಗಿರಿ ದೂರದ ಊರಿನವರ ಪಾಪ ಎಂದುಕೊಂಡು ದಕ್ಷಿಣದ ಹತ್ತಿಯಿಂದ ಬಟ್ಟೆ ನೇಯುತ್ತಿದ್ದವರ ಮನೆಬಾಗಿಲಿಗೇ ಅದು ಬಂತು. 1854ರಲ್ಲಿ ಆಂಟನಿ ಬರ್ನ್ಸ್ ಎಂಬ ಪರಾರಿಯನ್ನು ಬಾಸ್ಟನ್‌ನ ಬೀದಿಯಲ್ಲಿ ಸೈನಿಕರ ಕಾವಲಿನಲ್ಲಿ ಹಡಗಿಗೆ ನಡೆಸಿಕೊಂಡು ಹೋದಾಗ ಸಾವಿರಾರು ಜನ ನಿಂತು ನೋಡಿದರು. ಬಟ್ಟೆ ವ್ಯಾಪಾರದಲ್ಲಿ ಸಿರಿವಂತನಾಗಿದ್ದ, ರಾಜಿ ಬಯಸುತ್ತಿದ್ದ ಅಮೋಸ್ ಲಾರೆನ್ಸ್ ಅಂದಿನಿಂದ ಬೇರೆಯೇ ಮನುಷ್ಯನಾದ. ವಿಲ್ಮಾಟ್‌ನ ತಿದ್ದುಪಡಿ ಮಾಡಲಾಗದ್ದನ್ನು ದಕ್ಷಿಣದವರೇ ಕೇಳಿ ಪಡೆದ ಕಾಯಿದೆ ಮಾಡಿತು.

ಚೌಕಾಶಿಯ ಇನ್ನೊಂದು ತುಣುಕೂ ಇತ್ತು: ನ್ಯೂ ಮೆಕ್ಸಿಕೊ, ಯೂಟಾಗಳಲ್ಲಿ ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ನೆಲೆಸಿದವರೇ ತೀರ್ಮಾನಿಸಲಿ ಎಂಬುದು. ಗುಲಾಮರು ಅಷ್ಟಾಗಿ ಹೋಗದ ಜಾಗದಲ್ಲಿ ಅದರಿಂದ ದೊಡ್ಡ ರಂಪವೇನೂ ಆಗಲಿಲ್ಲ. ಆದರೆ 1854ರಲ್ಲಿ ಸೆನೆಟರ್ ಸ್ಟೀಫನ್ ಡಗ್ಲಸ್ ಅದೇ ಸೂತ್ರವನ್ನು ಕಾನ್ಸಾಸ್‌ಗೆ ಹಚ್ಚಿದ. ಗುಲಾಮಗಿರಿಗೆ 1820ರಲ್ಲಿ ಎಳೆದಿದ್ದ ಗಡಿ ಅಳಿಸಿಹೋಯಿತು. ಲಾರೆನ್ಸ್ ತನ್ನ ಹಣ ಸುರಿದು ಉತ್ತರದವರನ್ನು ಅಲ್ಲಿಗೆ ಕಳಿಸಿದ, ಅವರಿಗೆ ಬಂದೂಕುಗಳನ್ನೂ ಒದಗಿಸಿದ. ಅವನ ಹೆಸರಿನ ಊರನ್ನು 1856ರ ಮೇ ತಿಂಗಳಲ್ಲಿ ಗುಲಾಮಗಿರಿಯ ಪರ ಇದ್ದವರು ನುಗ್ಗಿ ಹಾಳುಗೆಡವಿದರು. ಆ ಊರಿದ್ದ ಜಾಗವಾದರೋ ಮೆಕ್ಸಿಕೊದಿಂದ ಗೆದ್ದದ್ದಲ್ಲ. 1803ರಲ್ಲಿ ಒಂದು ಗುಂಡೂ ಹಾರಿಸದೆ ಫ್ರಾನ್ಸಿನಿಂದ ಕೊಂಡ ನೆಲ ಅದು.