ಹಳಿ ಮೇಲಿನ ಚಾರಣ: ಮಳೆಗೆ ಮುನ್ನವೇ ತಡೆಯಿರಿ

ಮುಂಗಾರು ಘಟ್ಟ ಮುಟ್ಟುತ್ತಿದ್ದಂತೆ ಸಕಲೇಶಪುರದ ಕಡೆಗೆ ವಾರಾಂತ್ಯದ ಜನ ಹರಿಯತೊಡಗುತ್ತಾರೆ. ಅವರಲ್ಲಿ ಒಂದಷ್ಟು ಮಂದಿಗೆ ದೋಣಿಗಲ್‌ನಿಂದ ಎಡಕುಮೇರಿಯವರೆಗೆ ರೈಲು ಹಳಿಯ ಮೇಲೆಯೇ ನಡೆಯುವ ಆಸೆ. ಅದು ನಿಷಿದ್ಧ. ಆದರೂ ಹೋಗುವವರಿದ್ದಾರೆ, ದುಡ್ಡು ಪಡೆದು ಕರೆದೊಯ್ಯುವವರೂ ಇದ್ದಾರೆ. ಮಳೆಗಾಲದ ನಡುವೆ ಯಾರದೋ ಮನೆಯ ಮಗುವಿಗಾಗಿ ಕಣಿವೆಯಲ್ಲಿ ಹುಡುಕಾಡುವ ಸ್ಥಿತಿ ಬರಬಾರದೆಂದೇ ಈ ಮಾತನ್ನು ಈಗಲೇ ಹೇಳುತ್ತಿದ್ದೇವೆ.

ಈ ಹಾದಿಯ ಖ್ಯಾತಿಗೆ ಒಂದು ಹಿನ್ನೆಲೆಯಿದೆ. ಮೀಟರ್‌ಗೇಜ್ ಹಳಿಯನ್ನು ಬ್ರಾಡ್‌ಗೇಜ್ ಮಾಡಲು 1996ರಲ್ಲಿ ಇಲ್ಲಿ ರೈಲು ನಿಂತಿತು. ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಕೊನೆಯಲ್ಲಿ. ಚಾರಣಿಗರ ನಡುವೆ ಈ ಹಾದಿಯ ಹೆಸರು ಬೆಳೆದದ್ದು ರೈಲೇ ಇಲ್ಲದಿದ್ದ ಆ ವರ್ಷಗಳಲ್ಲಿ. ‘ನಮ್ಮಣ್ಣ ಹೋಗಿ ಬಂದಿದ್ದಾನೆ, ಏನೂ ಆಗಲ್ಲ’ ಎನ್ನುವವರು ಆ ಅಣ್ಣ ಹೋದ ಕಾಲ ಯಾವುದೆಂದು ಕೇಳಿಕೊಳ್ಳುವುದಿಲ್ಲ. ಇವತ್ತು ಅದೇ ಹಳಿಯ ಮೇಲೆ ಹಗಲೂ ರಾತ್ರಿ ರೈಲು ಓಡುತ್ತಿದೆ.

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿಜಾರು. ಜಡಿಮಳೆಯಲ್ಲಿ, ತೊರೆಗಳ ಅಬ್ಬರದಲ್ಲಿ, ತಿರುವಿನಾಚೆಯ ರೈಲು ಹತ್ತಿರ ಬರುವವರೆಗೂ ಕಿವಿಗೆ ಬೀಳದೆ ಹೋಗಬಹುದು. ಸೇತುವೆಯ ನಡುವೆ ಸಿಕ್ಕಿಕೊಂಡವರಿಗೆ ಒಂದು ಕಡೆ ಹಳಿ, ಇನ್ನೊಂದು ಕಡೆ ಪ್ರಪಾತ. ಚಾಲಕ ಕಂಡೊಡನೆ ಬ್ರೇಕ್ ಹಾಕಿದರೂ ತುಂಬಿದ ಗೂಡ್ಸ್ ಅಲ್ಲೇ ನಿಲ್ಲುವುದಿಲ್ಲ. ನೆಲವನ್ನೂ ನಂಬುವಂತಿಲ್ಲ: 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾಗಿ ದಿನಗಟ್ಟಲೆ ಸಂಚಾರವೇ ಕಡಿದುಹೋಗಿತ್ತು. ಮಣ್ಣು ಕುಸಿಯುವ ಭಯದಲ್ಲಿ ಆ ಮಳೆಯಲ್ಲೇ ಗಸ್ತು ತಿರುಗುವ ಟ್ರ್ಯಾಕ್‌ಮನ್‌ಗಳ ಮೇಲೆ ದಾರಿ ತಪ್ಪಿದ ಪ್ರವಾಸಿಗರನ್ನು ಕಾಯುವ ಹೊರೆಯನ್ನೂ ಹೇರುವುದು ಅನ್ಯಾಯ.

ಗೋವಾ ಗಡಿಯ ದೂಧ್‌ಸಾಗರ ಜಲಪಾತದ್ದೂ ಇದೇ ಪಾಡು. 2023ರ ಜುಲೈಯಲ್ಲಿ ಅಲ್ಲಿಗೆ ಹಳಿ ಹಿಡಿದು ಹೊರಟವರಿಗೆ ಬಸ್ಕಿ ಹೊಡೆಸಿದ ವಿಡಿಯೊ ದೇಶವೆಲ್ಲ ಹರಿದಾಡಿತು. ಬಸ್ಕಿಯಿಂದ ನಾಲ್ಕು ದಿನದ ಸುದ್ದಿಯಾದೀತು, ಜನ ನಿಲ್ಲಲಾರರು. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಅತಿಕ್ರಮ ಪ್ರವೇಶವನ್ನು ಅಪರಾಧವೆಂದೇ ಹೇಳುತ್ತದೆ. ಆದರೆ ಸಿಕ್ಕಿಬೀಳುವವರು ಕಾಲೇಜು ಹುಡುಗರು. ‘ಹಸಿರು ಹಾದಿ’ ಎಂದು ಹೆಸರಿಟ್ಟು ಊಟ, ವಸತಿ, ಗೈಡ್ ಸೇರಿಸಿ ಮಾರುವವರು ಹೊರಗೇ ಉಳಿಯುತ್ತಾರೆ. ನಮ್ಮ ಸಿಟ್ಟಿರುವುದು ಇವರ ಮೇಲೆ. ದಾರಿ ಗೊತ್ತಿಲ್ಲದವರು ಇವರನ್ನು ನಂಬಿ ಬರುತ್ತಾರೆ.

ಕಾಡು ಕಾಣುವ ಆಸೆ ತಪ್ಪಲ್ಲ. ಯಶವಂತಪುರದಿಂದ ಮಂಗಳೂರು, ಕಾರವಾರಕ್ಕೆ ಹೋಗುವ ಹಗಲು ರೈಲಿಗೆ 2021ರಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಸೇರಿದೆ; ಸಾಮಾನ್ಯ ಬೋಗಿಯ ಕಿಟಕಿಗೂ ಅದೇ ಕಣಿವೆ, ಅದೇ ಮಂಜು. ನಡೆದೇ ನೋಡಬೇಕೆನ್ನುವವರು ಮಳೆ ಕಳೆದ ಮೇಲೆ ಅರಣ್ಯ ಇಲಾಖೆಯ ಅನುಮತಿ ಪಡೆದು ಚಾರಣಕ್ಕೆ ಹೋಗಲಿ.

ಹಾಸನ ಜಿಲ್ಲಾಡಳಿತ, ರೈಲ್ವೆ ರಕ್ಷಣಾ ಪಡೆ ಮತ್ತು ಅರಣ್ಯ ಇಲಾಖೆ ಜೂನ್‌ಗೆ ಮೊದಲೇ ಒಟ್ಟಿಗೆ ಕೂರಬೇಕು. ಹಳಿ ಚಾರಣದ ಜಾಹೀರಾತು ಹಾಕುವ ಹೋಮ್‌ಸ್ಟೇಗಳ ನೋಂದಣಿ ರದ್ದಾಗಲಿ, ಕರೆದೊಯ್ಯುವವರ ಮೇಲೆ ಮೊಕದ್ದಮೆ ಬೀಳಲಿ. ಶನಿವಾರ, ಭಾನುವಾರ ಬೆಳಗಿನ ಜಾವವೇ ದೋಣಿಗಲ್‌ನಲ್ಲಿ ಸಿಬ್ಬಂದಿ ನಿಂತಿರಲಿ.