ನಿಂತ ಚಕ್ರ

ಧರ್ಮಸ್ಥಳಕ್ಕೆ ಬರುವ ಯಾತ್ರಿಕರಲ್ಲಿ ಅನೇಕರು ಶ್ರೀ ಮಂಜುನಾಥನ ದರ್ಶನ ಪಡೆದು, ಅನ್ನಪ್ರಸಾದ ಸ್ವೀಕರಿಸಿ, ಬಳಿಕ ಅಲ್ಲಿನ ಹಳೆಯ ಕಾರುಗಳ ಸಂಗ್ರಹಾಲಯದತ್ತ ಹೆಜ್ಜೆ ಹಾಕುತ್ತಾರೆ. ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಕೂಡಿಬಂದ ಕಾರುಗಳು ಅಲ್ಲಿ ಸಾಲಾಗಿ ನಿಂತಿವೆ. ಒಂದು ಕಾಲಕ್ಕೆ ಸಿರಿವಂತರ ಅಂಗಳದಲ್ಲಿ ಮೆರೆದಂಥ ವಾಹನಗಳ ಮುಂದೆ ಇಂದು ಎಲ್ಲರ ಮಕ್ಕಳೂ ನಿಂತು ಕಣ್ಣರಳಿಸುತ್ತಾರೆ.

ಹಾಗೆ ಬಂದ ಗೃಹಸ್ಥರೊಬ್ಬರನ್ನು ಜೊತೆಯಲ್ಲಿದ್ದ ಮೊಮ್ಮಗ ಕೇಳಿದ: “ಅಜ್ಜಾ, ಇದು ಯಾರ ಕಾರು?” “ಮೊದಲು ಯಾರೋ ಸಾಹುಕಾರರದು. ಈಗ ಎಲ್ಲರೂ ನೋಡಲೆಂದು ಇಲ್ಲಿದೆ” ಎಂದರು ಅಜ್ಜ. “ಹಾಗಾದರೆ ನಮ್ಮ ಶೆಡ್ಡಿನಲ್ಲಿರುವ ಮುತ್ತಜ್ಜನ ಕಾರು? ಅದು ನಮ್ಮದೋ, ಚಿಕ್ಕಜ್ಜನದೋ?” ಅಜ್ಜನ ಬಳಿ ಉತ್ತರವಿರಲಿಲ್ಲ.

ಆ ಶೆಡ್ಡಿನಲ್ಲಿರುವುದು ಒಂದು ಅಂಬಾಸಿಡರ್. 1958ರಿಂದ 2014ರವರೆಗೆ ನಮ್ಮ ದೇಶದಲ್ಲೇ ತಯಾರಾಗಿ, ಮಂತ್ರಿಯಿಂದ ಮದುಮಗನವರೆಗೆ ಎಲ್ಲರನ್ನೂ ಹೊತ್ತ ಕಾರು ಅದು. ತಂದೆ ತೀರಿಕೊಂಡ ಮೇಲೆ ಅಣ್ಣನೂ ತಮ್ಮನೂ ಅದು ತನಗೇ ಸೇರಬೇಕೆಂದರು. ಹೊಲ ಹಂಚಿಕೆಯಾಯಿತು, ಮನೆ ಹಂಚಿಕೆಯಾಯಿತು. ಕಾರನ್ನು ಹಂಚುವುದು ಹೇಗೆ? ಏಳು ವರ್ಷಗಳಿಂದ ಅದು ಟಾರ್ಪಾಲಿನ ಕೆಳಗೆ ತುಕ್ಕು ಹಿಡಿಯುತ್ತಿದೆ. ಟೈರುಗಳು ನೆಲಕ್ಕೆ ಕುಸಿದಿವೆ. ದಶಲಕ್ಷಣ ಪರ್ವ ಮುಗಿದ ಬಳಿಕ ಕ್ಷಮಾವಾಣಿಯಂದು ಊರಿಗೆಲ್ಲ ಕೈಮುಗಿದು ಕ್ಷಮೆ ಕೇಳುವ ಈ ಸಹೋದರರು, ಬಸದಿಯಲ್ಲಿ ಎದುರುಬದುರಾದಾಗ ಮಾತ್ರ ಮುಖ ತಿರುಗಿಸುತ್ತಾರೆ.

ಇಂಥ ಮನೆಗಳು ನಮ್ಮಲ್ಲಿ ವಿರಳವಲ್ಲ. ಕೆಲವೆಡೆ ಕಾರಿನ ಬದಲು ತಾಯಿಯ ಸರ, ಮತ್ತೆ ಕೆಲವೆಡೆ ತೋಟದ ಬದಿಯ ಒಂದು ಹಲಸಿನ ಮರ.

ಬಾಹ್ಯ ಪರಿಗ್ರಹಗಳು ಹತ್ತು ಎಂದು ನಮ್ಮ ಆಚಾರ್ಯರು ಎಣಿಸಿದ್ದಾರೆ. ಆ ಎಣಿಕೆಯಲ್ಲಿ ಕ್ಷೇತ್ರ, ವಾಸ್ತು, ಧನ, ಧಾನ್ಯಗಳೊಂದಿಗೆ ‘ಯಾನ’ವೂ, ಎಂದರೆ ವಾಹನವೂ, ಸೇರಿದೆ. ಆದರೆ ಅಂತರಂಗದ ಪರಿಗ್ರಹಗಳು ಹದಿನಾಲ್ಕು. ಕ್ರೋಧ, ಮಾನ, ಮಾಯೆ, ಲೋಭಗಳು ಅವುಗಳಲ್ಲಿ ಸೇರಿವೆ. ಹೊರಗಿನದಕ್ಕಿಂತ ಒಳಗಿನ ಪಟ್ಟಿಯೇ ದೊಡ್ಡದು. ವಸ್ತುವಿನಲ್ಲಿ ಮನಸ್ಸು ಮೈಮರೆತು ಅಂಟಿಕೊಳ್ಳುವ ಮೂರ್ಛೆಯನ್ನೇ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವೆಂದು ಕರೆದರು. ಶೆಡ್ಡಿನಲ್ಲಿರುವ ಕಾರು ಓಡುವುದಿಲ್ಲ, ಅದನ್ನು ಮಾರಿದರೂ ಹೆಚ್ಚಿನ ಹಣ ಬಾರದು. ಆದರೂ ಅದು ಇಬ್ಬರನ್ನು ಕಟ್ಟಿಹಾಕಿದೆ. ಕಟ್ಟಿಹಾಕಿರುವುದು ಕಬ್ಬಿಣವಲ್ಲ, ಮಾನಕಷಾಯ.

ಹಾಗೆಂದು ಹಳೆಯ ವಾಹನವನ್ನು ಅಕ್ಕರೆಯಿಂದ ಕಾಪಾಡುವುದು ದೋಷವೇ? ಅಲ್ಲ. ಗೃಹಸ್ಥನಿಗೆ ವಿಧಿಸಿದ್ದು ಪರಿಗ್ರಹದ ಪರಿಮಾಣವೇ ಹೊರತು ಸಂಪೂರ್ಣ ತ್ಯಾಗವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಅತಿಚಾರಗಳನ್ನು ಹೇಳುವಾಗ ಅತಿವಾಹನ, ಅತಿಸಂಗ್ರಹಗಳನ್ನು ಹೆಸರಿಸಿದ್ದಾರೆ. ದೋಷವಿರುವುದು ‘ಅತಿ’ಯಲ್ಲಿ. ಹಳೆಯ ವಾಹನಗಳ ಪ್ರದರ್ಶನಗಳಲ್ಲಿ ಕಾಣಸಿಗುವ ಕ್ಯಾಂಪರ್ ವ್ಯಾನನ್ನೇ ನೋಡಿ: ಒಲೆ, ಹಾಸಿಗೆ, ಪಾತ್ರೆಗಳೆಲ್ಲ ಕೆಲವೇ ಅಡಿಗಳ ಜಾಗದಲ್ಲಿ ಅಡಗಿರುತ್ತವೆ. ಹೊಸದೊಂದು ವಸ್ತು ಒಳಬರಬೇಕಾದರೆ ಇದ್ದುದೊಂದು ಹೊರಹೋಗಬೇಕು. ಪರಿಮಾಣವ್ರತವೂ ಹಾಗೆಯೇ. ಮನೆಗೊಂದು ಗಡಿಯಿದ್ದರೆ ಮನಸ್ಸಿಗೂ ಒಂದು ಗಡಿ ಒದಗುತ್ತದೆ.

ಇನ್ನು ಧರ್ಮಸ್ಥಳದ ರತ್ನಗಿರಿಯನ್ನು ಏರಿದರೆ 39 ಅಡಿಯ ಬಾಹುಬಲಿ ನಿಂತಿದ್ದಾನೆ. ಕಾರ್ಕಳದಲ್ಲಿ ರೂಪುಗೊಂಡ ಆ ಮೂರ್ತಿಯೂ ಚಕ್ರಗಳ ಮೇಲೆಯೇ ಧರ್ಮಸ್ಥಳಕ್ಕೆ ಬಂದಿತು, 1982ರಲ್ಲಿ ಪ್ರತಿಷ್ಠೆಯಾಯಿತು. ಅವನದೂ ಅಣ್ಣತಮ್ಮಂದಿರ ಕಥೆಯೇ. ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಟ್ಟಿತು, ಒಳಗೆ ಹೋಗಲೊಲ್ಲದು. ಭೂಮಂಡಲವನ್ನೇ ಸುತ್ತಿದ ಚಕ್ರ ಸೋದರರ ನಡುವಿನ ಇತ್ಯರ್ಥವಾಗದ ಲೆಕ್ಕದ ಮುಂದೆ ನಿಂತಿತು. ಮೂರು ಯುದ್ಧಗಳಲ್ಲಿಯೂ ಬಾಹುಬಲಿ ಗೆದ್ದ. ಗೆದ್ದುದನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಡೆದ. ಆದರೂ, ನಿಂತ ನೆಲ ಭರತನದೆಂಬ ಸಣ್ಣ ಶಲ್ಯವೊಂದು ಅವನ ಎದೆಯಲ್ಲಿ ಉಳಿದಿತ್ತೆಂದು ಹೇಳುವುದುಂಟು. ಭರತನೇ ಬಂದು ವಂದಿಸಿದಾಗ ಆ ಶಲ್ಯ ಕಳಚಿತು, ಕೇವಲಜ್ಞಾನ ಉದಯಿಸಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಿಟ್ಟುಕೊಟ್ಟವನು ತಮ್ಮ, ಆದರೆ ನಡೆದು ಬಂದವನು ಅಣ್ಣ. ಒಬ್ಬನ ತ್ಯಾಗಕ್ಕೆ ಇನ್ನೊಬ್ಬನ ವಿನಯ ಜೊತೆಗೂಡಿದಾಗಲೇ ಕಥೆ ಪೂರ್ಣವಾಯಿತು. ನಮ್ಮ ಮನೆಗಳಲ್ಲಿ “ಅವನು ಮೊದಲು ಬರಲಿ” ಎಂದು ಇಬ್ಬರೂ ಕಾಯುತ್ತಾರೆ. ಕಾಯುತ್ತಿರುವಾಗಲೇ ಆಯುಷ್ಯ ಮುಗಿಯುತ್ತದೆ. ಕಾರು ಗುಜರಿಗೆ ಹೋಗುತ್ತದೆ, ವೈರ ಮಾತ್ರ ಮೊಮ್ಮಕ್ಕಳಿಗೆ ಆಸ್ತಿಯಾಗಿ ಉಳಿಯುತ್ತದೆ.

ಮೊಮ್ಮಗನ ಪ್ರಶ್ನೆಗೆ ಅಜ್ಜ ಕೊಡಬೇಕಾದ ಉತ್ತರ ಕಠಿಣವಾದುದೇನಲ್ಲ. ಕ್ಷಮಾವಾಣಿಯವರೆಗೂ ಕಾಯದೆ, ಶೆಡ್ಡಿನ ಬೀಗದ ಕೈಯನ್ನು ಹಿಡಿದು, ಮೊಮ್ಮಗನನ್ನೂ ಕರೆದುಕೊಂಡು, ಚಿಕ್ಕಜ್ಜನ ಮನೆಯ ಮೆಟ್ಟಿಲು ಹತ್ತಿದರೆ ಸಾಕು. ಹಿರಿಯನಾದವನು ಮೊದಲು ಹೋಗಬೇಕು, ಭರತ ಹೋಗಿದ್ದ.