ಅಕ್ಷರ ಒಂದೇ, ಸಂಖ್ಯೆ ಬೇರೆ

ಮಕ್ಕಳೇ, ನಿಮ್ಮ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಹದಿನೈದು ವರ್ಷಗಳ ಹಿಂದಿನ ಕನ್ನಡ ಫೈಲ್ ಒಂದಿದೆ ಎಂದುಕೊಳ್ಳಿ. ಅದು ಶಾಲೆಯ ವಾರ್ಷಿಕ ವರದಿ ಇರಬಹುದು, ಅಂದಿನ ಮಕ್ಕಳು ಬರೆದ ಪದ್ಯಗಳಿರಬಹುದು. ಪೆನ್ ಡ್ರೈವಿಗೆ ಹಾಕಿಕೊಂಡು ಹೊಸ ಕಂಪ್ಯೂಟರಿನಲ್ಲಿ ತೆರೆದರೆ, ಅಥವಾ ಶಿಕ್ಷಕರ ಮೊಬೈಲಿಗೆ ಕಳಿಸಿದರೆ, ಅದರಲ್ಲಿ ಕನ್ನಡದ ಒಂದಕ್ಷರವೂ ಕಾಣದೆ ಹೋಗಬಹುದು. ‘ಕನ್ನಡ’ ಎಂಬ ಪದವಿದ್ದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಹಣದ ಗುರುತು, ಜರ್ಮನ್ ಭಾಷೆಯ ಒಂದು ಅಕ್ಷರ, ಕೊನೆಗೊಂದು ಕ್ಯೂ, ಹೀಗೆ ದೇಶವಿದೇಶದವರೆಲ್ಲ ಸಂತೆ ನೆರೆದಿರುತ್ತಾರೆ!

“ಹೊಸ ಕಂಪ್ಯೂಟರೇ ಸರಿಯಿಲ್ಲ” ಎಂದು ದೊಡ್ಡವರು ಗೊಣಗುವುದುಂಟು. ವೈರಸ್ ಬಂದಿದೆ ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ನನ್ನ ಪ್ರಕಾರ ಇಲ್ಲಿ ದೂರಬೇಕಾದದ್ದು ಹೊಸ ಯಂತ್ರವನ್ನಲ್ಲ. ಎಲ್ಲರೂ ಒಪ್ಪಿದ ಒಂದು ಏರ್ಪಾಡು ಕೈಯಲ್ಲಿದ್ದರೂ ಅದನ್ನು ಬಳಸದೆ ಹಳೆಯ ಅಭ್ಯಾಸಕ್ಕೇ ಜೋತು ಬಿದ್ದಿರುವ ನಮ್ಮನ್ನು. ಏಕೆ ಎಂದು ನೋಡೋಣ.

ಕಂಪ್ಯೂಟರಿಗೆ ಅಕ್ಷರಗಳು ಗೊತ್ತಿಲ್ಲ. ಅದಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. ನೀವು ಇಂಗ್ಲಿಷಿನ ದೊಡ್ಡ ಎ ಅಕ್ಷರದ ಕೀಲಿಯನ್ನು ಒತ್ತಿದರೆ ಅದು 65 ಎಂದು ನೆನಪಿಟ್ಟುಕೊಳ್ಳುತ್ತದೆ. ತೆರೆಯ ಮೇಲೆ ತೋರಿಸುವಾಗ “65ಕ್ಕೆ ಯಾವ ಚಿತ್ರ?” ಎಂದು ಫಾಂಟನ್ನು ಕೇಳುತ್ತದೆ. ಫಾಂಟ್ ಎಂದರೆ ಅಕ್ಷರಗಳ ಚಿತ್ರಗಳನ್ನು ಜೋಡಿಸಿಟ್ಟ ಪೆಟ್ಟಿಗೆ.

ಹಳೆಯ ಪದ್ಧತಿಯ ಪೆಟ್ಟಿಗೆಯಲ್ಲಿ ಇದ್ದದ್ದು ಒಟ್ಟು 256 ಮನೆಗಳು. ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳೇ ಅವನ್ನು ತುಂಬಿಕೊಂಡಿದ್ದವು. ಕನ್ನಡಕ್ಕೆ ಜಾಗವೆಲ್ಲಿ? ಆಗ ನಮ್ಮ ತಂತ್ರಜ್ಞರು ಒಂದು ಉಪಾಯ ಹೂಡಿದರು. ಪಿ ಇದ್ದ ಮನೆಯಲ್ಲಿ ತಲೆಕಟ್ಟು ಇಲ್ಲದ ‘ಕ’ದ ಚಿತ್ರವನ್ನು ಇಟ್ಟರು. ಓರೆಗೆರೆಯ ಎ ಇದ್ದ ಮನೆಯಲ್ಲಿ ಬರೀ ತಲೆಕಟ್ಟನ್ನು ಇಟ್ಟರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಂದವಾದ ‘ಕ’ ಸಿದ್ಧ! ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇನ್ನೂ ಪಿ ಮತ್ತು ಎ. ಕನ್ನಡ ಎಂಬುದು ಅದಕ್ಕೆ ಹಾಕಿದ ವೇಷ ಅಷ್ಟೇ. ಆ ಫಾಂಟ್ ಇಲ್ಲದ ಯಂತ್ರಕ್ಕೆ ಫೈಲ್ ಹೋದರೆ, ಆಟ ಮುಗಿದ ಮೇಲೆ ಚೌಕಿಯಲ್ಲಿ ಬಣ್ಣ ತೊಳೆದ ಯಕ್ಷಗಾನದ ಕಲಾವಿದನಂತೆ, ವೇಷ ಕಳಚಿ ಪಿ ಮತ್ತು ಎ ಹೊರಗೆ ಬರುತ್ತವೆ.

ಈ ಉಪಾಯವನ್ನು ಹೀಗಳೆಯುವವರನ್ನು ನಾನು ಒಪ್ಪುವುದಿಲ್ಲ. ಆ ಕಾಲಕ್ಕೆ ಅದು ದೊಡ್ಡ ಉಪಕಾರ. 1998ರಲ್ಲಿ ಬಂದ ‘ಬರಹ’ ತಂತ್ರಾಂಶ, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಇವುಗಳಿಂದಲೇ ಎಷ್ಟೋ ಮಂದಿ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕಲಿತರು. ತೊಂದರೆ ಏನೆಂದರೆ, ಬೇರೆ ಬೇರೆ ಕಂಪನಿಗಳ ತಂತ್ರಾಂಶಗಳಲ್ಲಿ ಈ ಮನೆಗಳ ಹಂಚಿಕೆಯೂ ಬೇರೆ ಬೇರೆ. ಒಂದರಲ್ಲಿ ‘ಕ’ ಇದ್ದ ಮನೆಯಲ್ಲಿ ಇನ್ನೊಂದರಲ್ಲಿ ಮತ್ಯಾವುದೋ ಅಕ್ಷರ.

ಇದಕ್ಕೆ ಪರಿಹಾರವಾಗಿ ಬಂದದ್ದು ಯುನಿಕೋಡ್. ಜಗತ್ತಿನ ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಒಪ್ಪಂದ ಇದು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. 3200ರಿಂದ 3327ರವರೆಗಿನ 128 ಮನೆಗಳು ನಮ್ಮವು. ‘ಅ’ ಎಂದರೆ 3205, ‘ಕ’ ಎಂದರೆ 3221. ಬೀದರಿನಲ್ಲೂ ಅಷ್ಟೇ, ಜಪಾನಿನಲ್ಲೂ ಅಷ್ಟೇ. ಇಲ್ಲಿ ಯಾರೂ ವೇಷ ಹಾಕಿಲ್ಲ.

ಯುನಿಕೋಡ್ ಬಂದ ಮೇಲೂ ಹಲವು ವರ್ಷ ಮೊಬೈಲುಗಳಲ್ಲಿ ಕನ್ನಡದ ಬದಲು ಚೌಕದ ಡಬ್ಬಿಗಳು ಕಾಣುತ್ತಿದ್ದವು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ತೋರಿಸುವ ಅನುಕೂಲ ಸೇರಿತು. ಡಬ್ಬಿ ಕಂಡರೂ, ಪಿ ಮತ್ತು ಎ ಕಂಡರೂ ಓದಲು ಆಗುವುದಿಲ್ಲ, ಎರಡೂ ಒಂದೇ ಎನ್ನಿಸಬಹುದು. ಹಾಗಲ್ಲ! ಡಬ್ಬಿ ಕಂಡಾಗ ಒಳಗಿನ ಸಂಖ್ಯೆ ಸರಿಯಾಗಿಯೇ ಇತ್ತು. ಇರಲಿಲ್ಲವಾದದ್ದು ಚಿತ್ರ ಮಾತ್ರ. ಅದೇ ಬರಹವನ್ನು ಹೊಸ ಮೊಬೈಲಿನಲ್ಲಿ ತೆರೆದರೆ ತಾನಾಗಿ ಓದಲು ಬರುತ್ತದೆ. ಪಿ ಮತ್ತು ಎ ಆಗಿ ಕಂಡ ಫೈಲನ್ನು ಎಷ್ಟು ದುಬಾರಿ ಮೊಬೈಲ್ ತಂದರೂ ಅದು ಕನ್ನಡವೆಂದು ಓದುವುದಿಲ್ಲ. ಏಕೆಂದರೆ ಆ ಫೈಲಿನ ಒಳಗೆ ಕನ್ನಡವೇ ಇಲ್ಲ.

ಇದರಿಂದ ಯಾರಿಗೆ ನಷ್ಟ? ಹುಡುಕುವವರಿಗೆ ನಷ್ಟ. ಹಳೆಯ ಫಾಂಟಿನಲ್ಲಿರುವ ಬರಹದಲ್ಲಿ ‘ಮಳೆ’ ಎಂಬ ಪದವನ್ನು ಯುನಿಕೋಡಿನಲ್ಲಿ ಬರೆದು ಹುಡುಕಿದರೆ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಕಣ್ಣು ಕಾಣದ ಮಕ್ಕಳಿಗೆ. ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಕನ್ನಡವನ್ನೂ ಅವು ಓದುತ್ತವೆ, ಬರಹ ಯುನಿಕೋಡಿನಲ್ಲಿದ್ದರೆ ಮಾತ್ರ. ಹಳೆಯ ಫಾಂಟಿನ ಪಾಠವನ್ನು ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತವೆ. ಓದಬೇಕೆಂದು ಕುಳಿತ ಮಗುವಿಗೆ ಎಷ್ಟು ಬೇಸರವಾಗಬಹುದು, ಯೋಚಿಸಿ.

“ಮುದ್ರಣಕ್ಕೆ ಹಳೆಯದೇ ಬೇಕು” ಎನ್ನುವವರಿದ್ದಾರೆ. ಅವರ ಮಾತಿನಲ್ಲೂ ಸ್ವಲ್ಪ ಹುರುಳಿತ್ತು. ಪುಟ ಜೋಡಿಸಲು ಬಹಳ ಕಾಲ ಬಳಕೆಯಲ್ಲಿದ್ದ ಪೇಜ್‌ಮೇಕರ್ ತಂತ್ರಾಂಶಕ್ಕೆ ಯುನಿಕೋಡ್ ಕನ್ನಡ ಬರುತ್ತಿರಲಿಲ್ಲ. ಆದರೆ ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ! ಈಗಿನ ಪುಟ ಜೋಡಿಸುವ ತಂತ್ರಾಂಶಗಳಿಗೆ ಯುನಿಕೋಡ್ ಕನ್ನಡ ಬರುತ್ತದೆ. ನುಡಿ, ಬರಹಗಳಲ್ಲೂ ಯುನಿಕೋಡಿನಲ್ಲಿ ಬರೆಯಬಹುದು, ಕಲಿತ ಕೀಲಿಮಣೆಯನ್ನು ಬಿಡಬೇಕಾಗಿಲ್ಲ. “ಪಿಡಿಎಫ್ ಮಾಡಿ ಕಳಿಸಿದರಾಯಿತು” ಎನ್ನುವುದು ಇನ್ನೊಂದು ಸಮಾಧಾನ. ಪಿಡಿಎಫ್ ಸಾಮಾನ್ಯವಾಗಿ ಅಕ್ಷರದ ಚಿತ್ರಗಳನ್ನು ತನ್ನೊಳಗೇ ಹೊತ್ತೊಯ್ಯುವುದರಿಂದ ಕಣ್ಣಿಗೆ ಕನ್ನಡ ಕಾಣುತ್ತದೆ, ನಿಜ. ಅದರಿಂದ ಒಂದು ಸಾಲನ್ನು ನಕಲು ಮಾಡಿ ನೋಡಿ, ಮತ್ತೆ ಅದೇ ಸಂತೆ.

ಈಗ ಈ ಮಾತಿಗೆ ಅವಸರವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ನಂತರದ ವಿಂಡೋಸ್ 11, ಚೆನ್ನಾಗಿಯೇ ನಡೆಯುತ್ತಿರುವ ಎಷ್ಟೋ ಹಳೆಯ ಕಂಪ್ಯೂಟರುಗಳನ್ನು ಒಪ್ಪುವುದಿಲ್ಲ. ಇದು ನನಗೆ ಹಿಡಿಸದ ವಿಷಯ, ಆದರೆ ಆ ಜಗಳ ಇನ್ನೊಮ್ಮೆ. ಹಳೆಯ ಯಂತ್ರಗಳನ್ನು ಮೂಲೆಗೆ ಹಾಕಿದಾಗ ಅವುಗಳಲ್ಲಿದ್ದ ಫಾಂಟುಗಳೂ ಮೂಲೆ ಸೇರುತ್ತವೆ. ಹಾಗಾಗಿ ಫೈಲುಗಳನ್ನು ಯುನಿಕೋಡಿಗೆ ಬದಲಾಯಿಸುವ ಕೆಲಸ ಅದಕ್ಕೂ ಮೊದಲೇ ಆಗಬೇಕು.

ನಿಮ್ಮ ಶಾಲೆಯ ಫೈಲ್ ಯಾವ ಬಗೆಯದೆಂದು ನೀವೇ ಪರೀಕ್ಷಿಸಬಹುದು. ಶಿಕ್ಷಕರ ಅನುಮತಿ ಪಡೆದು ಹಳೆಯ ಕಂಪ್ಯೂಟರಿನಲ್ಲಿ ಅದನ್ನು ತೆರೆಯಿರಿ. ಒಂದು ಸಾಲನ್ನು ಆಯ್ದುಕೊಂಡು ಇಂಗ್ಲಿಷಿನ ಯಾವುದಾದರೂ ಫಾಂಟಿಗೆ ಬದಲಿಸಿ. ಕನ್ನಡ ಹಾಗೆಯೇ ಉಳಿದರೆ ಅದು ಯುನಿಕೋಡ್. ಪಿ, ಎ, ಪೌಂಡ್ ಗುರುತುಗಳು ಮೂಡಿದರೆ ಹಳೆಯ ಪದ್ಧತಿ. ಹಳೆಯದನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಮೊದಲು ‘ಸೂರ್ಯ’, ‘ವರ್ಷ’, ‘ಕಾರ್ಯ’ ಎಂಬಂಥ ಪದಗಳನ್ನು ನೋಡಿ. ಕಾಗದದ ಮೇಲೆ ಅರ್ಕಾವತ್ತನ್ನು ಕೊನೆಗೆ ಬರೆಯುತ್ತೇವೆ, ಬಾಯಲ್ಲಿ ಮೊದಲು ಹೇಳುತ್ತೇವೆ. ಹಳೆಯ ಫಾಂಟ್ ಕಾಗದದ ಕ್ರಮದಲ್ಲಿ, ಯುನಿಕೋಡ್ ಬಾಯಿಯ ಕ್ರಮದಲ್ಲಿ ಇಡುತ್ತದೆ. ಪರಿವರ್ತಕ ಎಡವುವುದಿದ್ದರೆ ಇಂಥಲ್ಲೇ. ನಡುವೆ ಇಂಗ್ಲಿಷ್ ಹೆಸರುಗಳಿದ್ದರೆ ಅವು ವಿಚಿತ್ರ ಕನ್ನಡವಾಗಿರಬಹುದು, ಅವನ್ನು ಕೈಯಿಂದಲೇ ತಿದ್ದಬೇಕು. ಎಲ್ಲ ಸರಿಹೋಯಿತು ಎನ್ನುವವರೆಗೆ ಹಳೆಯ ಫೈಲನ್ನು ಅಳಿಸಬೇಡಿ.